ಹದಿನಾಲ್ಕು ರೂಪಾಯಿಯ ಕಂಪನಿ

ಕಾಮಸಮುದ್ರ,
ಭಾನುವಾರ, ೧೪ ಡಿಸೆಂಬರ್ ೨೦೨೫

ಕವಿತನ ಅಮ್ಮನಿಗೆ, ಅಂದರೆ ನನ್ನ ಮುನಿನಾರಾಯಣಮ್ಮನಿಗೆ,

ಹುಬ್ಬಳ್ಳಿಯಲ್ಲಿ ಚಳಿ ಹೇಗಿದೆ? ನಿನ್ನ ಮಂಡಿನೋವು ಹೇಗಿದೆ? ಮೊನ್ನೆ ಫೋನಿನಲ್ಲಿ ಕೇಳಿದಾಗ ಪರವಾಗಿಲ್ಲ ಅಂದೆ. ನೀನು ನಿಜವಾಗಿ ಪರವಾಗಿಲ್ಲ ಅನ್ನುವುದಕ್ಕೂ ಬೀಗರು ಪಕ್ಕದಲ್ಲಿ ಕೂತಿರುವಾಗ ಪರವಾಗಿಲ್ಲ ಅನ್ನುವುದಕ್ಕೂ ಇರುವ ವ್ಯತ್ಯಾಸ ಇಷ್ಟು ವರ್ಷ ನಿನ್ನ ಜೊತೆ ಸಂಸಾರ ಮಾಡಿದವನಿಗೆ ಗೊತ್ತಾಗುತ್ತದೆ. ರೈಲ್ವೆ ಕ್ವಾರ್ಟರ್ಸಿನ ನೆಲ ತಣ್ಣಗಿರುತ್ತದಂತೆ, ಬರಿಗಾಲಲ್ಲಿ ಓಡಾಡಬೇಡ. ಬಾಣಂತಿಗೆ ನೀರು ಹಾಕುವಾಗ ಬಗ್ಗಿ ಬಗ್ಗಿ ಸೊಂಟ ಹಿಡಿಸಿಕೊಳ್ಳಬೇಡ. ಅಳಿಯಂದಿರ ಕೈಲಿ ಬಿಂದಿಗೆ ಎತ್ತಿಸು, ರೈಲು ಓಡಿಸುವವರಿಗೆ ಒಂದು ಬಿಂದಿಗೆ ನೀರು ಭಾರವಲ್ಲ. ಕವಿತ ಹೊಟ್ಟೆ ತುಂಬ ಊಟ ಮಾಡುತ್ತಾಳಾ? ಮಗುವಿನ ನೆಗಡಿ ಹೋಯಿತಾ? ಬಜೆ ತೇಯ್ದು ಹಾಕು. ಇದೆಲ್ಲ ನಿನಗೆ ಹೇಳಿಕೊಡುವ ಯೋಗ್ಯತೆ ನನಗಿಲ್ಲ, ಆದರೂ ಬರೆದಿದ್ದೇನೆ.

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯಬೇಕು. ಹಸುಗಳು ಮೂರೂ ಕ್ಷೇಮ. ಕೊಂಬು ಮುರಿದದ್ದು ನೀನು ಹೋದ ಮೇಲೆ ಹಾಲು ಇಳಿಸಲಿಲ್ಲ. ಕೊನೆಗೆ ನಿನ್ನ ಹಳೇ ಸೀರೆ ಹೆಗಲ ಮೇಲೆ ಹಾಕಿಕೊಂಡು ಕೂತೆ, ವಾಸನೆ ನೋಡಿ ಸುಮ್ಮನೆ ಇಳಿಸಿತು. ದಾರಿಯಲ್ಲಿ ಹೋಗುವವರು ನೋಡಿ ನಕ್ಕರು, ನಗಲಿ. ಅವರೆಕಾಯಿ ಸೊಗಡು ತುಂಬಿಕೊಂಡು ಬಂದಿದೆ, ಆದರೆ ಕೂತು ಹಿತುಕುವವರಿಲ್ಲ. ನಾನೂ ನಿನ್ನ ಮಗ ಬಾಲಾಜಿಯೂ ಬರೀ ಕಾಳಿನ ಸಾರಿನಲ್ಲೇ ಮುದ್ದೆ ನುಂಗುತ್ತಿದ್ದೇವೆ. ನಾನು ತಿರುವಿದರೆ ಗಂಟು, ಅವನು ತಿರುವಿದರೆ ಗಂಜಿ. ಇನ್ನು ನಾನು ಕ್ಷೇಮ ಅಂತ ಬರೆದರೆ ಅರ್ಧ ಸುಳ್ಳಾಗುತ್ತದೆ. ಮೈಗೆ ಏನೂ ಆಗಿಲ್ಲ, ಹೆದರಬೇಡ. ಒಂದು ಯೋಚನೆ ಹತ್ತಿದೆ, ಊಟ ಸೇರುತ್ತಿಲ್ಲ. ಫೋನಿನಲ್ಲಿ ಹೇಳೋಣ ಅಂದರೆ ಅಲ್ಲಿ ಫೋನು ಯಾವಾಗಲೂ ಸ್ಪೀಕರಿನಲ್ಲಿರುತ್ತದೆ. ನಾನು ಇಲ್ಲಿ ಕೆಮ್ಮಿದರೆ ಅಲ್ಲಿಂದ ಬೀಗಿತ್ತಿ 'ಕಷಾಯ ಕುಡೀರಿ ಬೀಗರೇ' ಅನ್ನುತ್ತಾರೆ. ದುಡ್ಡಿನ ಮಾತು ಅವರ ಕಿವಿಗೆ ಬೀಳುವುದು ಬೇಡ ಅಂತ ಈ ಕಾಗದ.

ಕವರಿನಲ್ಲಿ ಒಂದು ಬ್ಯಾಂಕ್ ಫಾರಂ ಇದೆ. ನಿಮ್ಮಪ್ಪ ನಿನ್ನ ಹೆಸರಿನಲ್ಲಿ ಇಟ್ಟ ದುಡ್ಡಿನದು. ಈ ತಿಂಗಳು ಇಪ್ಪತ್ತಾರಕ್ಕೆ ಅದರ ಗಡುವು ಮುಗಿಯುತ್ತದೆ. ಅಷ್ಟರೊಳಗೆ ನೀನು ಸಹಿ ಹಾಕಿದ ಫಾರಂ ಬಂಗಾರಪೇಟೆ ಬ್ಯಾಂಕಿಗೆ ಮುಟ್ಟಿದರೆ ದುಡ್ಡು ಕೈಗೆ ಬರುತ್ತದೆ. ಮುಟ್ಟದಿದ್ದರೆ ಅವರೇ ಇನ್ನೈದು ವರ್ಷಕ್ಕೆ ಮುಂದುವರಿಸಿಬಿಡುತ್ತಾರಂತೆ. ಅದು ಎಂಥ ದುಡ್ಡು ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಕೆಜಿಎಫ್ ಚಿನ್ನದ ಗಣಿಯ ಮೈಸೂರು ಮೈನ್ಸಿನಲ್ಲಿ ವಯಸ್ಸೆಲ್ಲ ಭೂಮಿಯ ಕೆಳಗೆ ಕಳೆದ ಕೋದಂಡಪ್ಪ ಮಾವ, ಗಣಿ ಮುಚ್ಚಿದಾಗ ಬಂದ ಇಡಿಗಂಟನ್ನು ತಾವು ಮುಟ್ಟದೆ ನಿನಗೆ ಬಿಟ್ಟುಹೋದರು. ಯಾಕೆ ಮುಟ್ಟಲಿಲ್ಲ ಅಂದರೆ, ಗಣಿ ಮತ್ತೆ ತೆರೆಯುತ್ತದೆ, ಸಂಬಳ ಮತ್ತೆ ಬರುತ್ತದೆ ಅಂತ. ನಾವು ಹಬ್ಬಕ್ಕೆ ಹೋದಾಗಲೂ ಪಾಳಿಯ ಹೊತ್ತಿಗೆ ಎದ್ದು, ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಜಗಲಿಯ ಮೇಲೆ ಕೂರುತ್ತಿದ್ದರು. ಒಂದು ಹಸು ಕೊಡಿಸುತ್ತೇನೆ, ಹಾಲು ಹಾಕಿ ಮಾವ ಅಂದರೆ, 'ಕಂಪ್ನಿ ಯಾಕ್ ಮುಚ್ತದಪ್ಪಾ? ನಮ್ ಕಂಪ್ನಿ' ಅನ್ನುತ್ತಿದ್ದರು. ಮುಚ್ಚಿ ಎಷ್ಟೋ ವರ್ಷ ಆದಮೇಲೂ ಅದೇ ಮಾತು. ಮನೆ ಕೊಟ್ಟದ್ದು ಕಂಪನಿ, ನಲ್ಲಿಗೆ ನೀರು ಬಿಟ್ಟದ್ದು ಕಂಪನಿ, ನೀನು ಹುಟ್ಟಿದ್ದೂ ಕಂಪನಿಯ ಆಸ್ಪತ್ರೆಯಲ್ಲೇ. ಅಂಥವರಿಗೆ ಹಸುವಿನ ಬಾಲ ಹಿಡಿಯಿರಿ ಅಂದದ್ದು ನನ್ನದೇ ತಪ್ಪಿರಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಬಾಲಾಜಿ ಆ ದುಡ್ಡನ್ನು ಷೇರಿಗೆ ಹಾಕೋಣ ಅನ್ನುತ್ತಾನೆ. ಯಾವ ಷೇರು ಅಂದರೆ ಅವನು ಕೆಲಸ ಮಾಡುವ ಕಂಪನಿಯದೇ. ವೈಟ್‌ಫೀಲ್ಡ್ ಹತ್ತಿರ ಅವರು ವೈಫೈ ಡಬ್ಬಿ ಮಾಡುತ್ತಾರಲ್ಲ, ಒಂದು ನಮ್ಮ ಗೂಡಿನಲ್ಲೂ ಇದೆ, ಆಯುಧಪೂಜೆಗೆ ನೀನು ಅದಕ್ಕೆ ಕುಂಕುಮ ಇಟ್ಟಿದ್ದೆ, ಅದೇ ಕಂಪನಿ. ಒಂದು ಕಾಲದಲ್ಲಿ ಅದರ ಷೇರಿಗೆ ತೊಂಬತ್ತು ರೂಪಾಯಿ ಇತ್ತಂತೆ, ಈಗ ಹದಿನಾಲ್ಕು. 'ಅದಿನಾಲ್ಕು ರೂಪಾಯ್ಗೆ ಒಳ್ಳೇ ಓಟ್ಲಾಗೆ ಒಂದ್ ಟೀ ಬರಲ್ಲ ಕಣಪ್ಪಾ, ಇಲ್ಲಿ ಕಂಪ್ನೀನೇ ಬತ್ತದೆ' ಅಂದ. ಇದಕ್ಕಿಂತ ಇನ್ನೆಷ್ಟು ಕೆಳಗಿಳಿದೀತು ಅಂತ ಅವನ ಪ್ರಶ್ನೆ. ನಾನು ಗಣಿಯವರ ಮನೆಯ ಅಳಿಯ. ಇದೇ ತಳ ಅಂದುಕೊಂಡ ಮೇಲೂ ಇನ್ನೂ ಕೆಳಗೆ ತೋಡುತ್ತಾರೆ ಅಂತ ಮಾವನ ಬಾಯಲ್ಲಿ ಕೇಳಿದವನು. ಆದರೂ ಆವತ್ತು ಹಾಲಿನ ಕ್ಯಾನು ಎತ್ತಿಕೊಂಡು ಡೇರಿಗೆ ಹೊರಟುಬಿಟ್ಟೆ.

ಇದೆಲ್ಲ ಹುಟ್ಟಿದ್ದು ರೈಲಿನಲ್ಲಿ. ಅವನ ಸೂಪರ್‌ವೈಸರ್ ಸೆಲ್ವರಾಜ್ ಅಂತ, ಕೆಜಿಎಫ್‌ನವರು, ಮಾರಿಕುಪ್ಪಂನಲ್ಲಿ ಹತ್ತುತ್ತಾರೆ. ರೈಲು ಹೊರಡುವುದೇ ಅಲ್ಲಿಂದ. ಬಂಗಾರಪೇಟೆಗೆ ಬರುವಷ್ಟರಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಅದಕ್ಕೇ ಅವರು ಬಾಲಾಜಿಗೆ ಅಂತ ಒಂದು ಸೀಟಿನ ಮೇಲೆ ಟವಲು ಹಾಸಿ ಹಿಡಿದಿರುತ್ತಾರೆ. ದಿನಾ ಸೀಟು ಹಿಡಿದುಕೊಡುವವರ ಮಾತು ತೆಗೆದುಹಾಕುವುದು ಕಷ್ಟ. ಆ ಬೋಗಿಯಲ್ಲಿ ಹೋಗುವವರೆಲ್ಲ ಒಂದೇ ಕಂಪನಿಯವರು, ಹೆಚ್ಚಿನವರು ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು. ಎರಡು ತಿಂಗಳಿಂದ ಇವರಿಗೆ ಸಂಬಳ ತಡವಾಗಿ ಬರುತ್ತಿದೆ. ಬೇರೆ ಊರಿನವರಾಗಿದ್ದರೆ ಹೆದರಿ ಬೇರೆ ಕೆಲಸ ಹುಡುಕುತ್ತಿದ್ದರು. ಇವರು ಕಂಪನಿಗೆ ಕಷ್ಟ ಬಂದಿದೆ, ನಾವು ಕೈ ಹಿಡಿಯಬೇಕು ಅಂತ ತಡವಾಗಿ ಬಂದ ಆ ಸಂಬಳದಲ್ಲೇ ಅದರ ಷೇರು ಕೊಳ್ಳುತ್ತಿದ್ದಾರೆ. 'ನಾಮಳೇ ವಾಂಗಲೇನ್ನಾ ವೇರೆ ಯಾರು ವಾಂಗುವಾಂಗ' ಅಂತಾರಂತೆ ಸೆಲ್ವರಾಜ್, ನಾವೇ ಕೊಳ್ಳದಿದ್ದರೆ ಇನ್ಯಾರು ಕೊಳ್ಳುತ್ತಾರೆ ಅಂತ. ಒಳ್ಳೆಯ ಮನುಷ್ಯರೇ, ಮೋಸದ ಮಾತಲ್ಲ. ಅವರ ದುಡ್ಡೂ ಅದರಲ್ಲೇ ಇದೆ. ಅದೇ ನನಗೆ ಇನ್ನೂ ಭಯ.

ನೀನಿದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ಯೋಚಿಸಿದೆ. ಒಂದು ಸೇರು ಅವರೆಕಾಯಿಗೆ ಬಂಗಾರಪೇಟೆ ಸಂತೆಯನ್ನೆಲ್ಲ ಸುತ್ತುವವಳು ನೀನು. ಒಂದೊಂದು ಗುಡ್ಡೆಯಲ್ಲೂ ಒಂದು ಕಾಯಿ ಹಿಚುಕಿ, ಮೂಸಿ, ಬೆಲೆ ಕೇಳಿ, ಕೊಳ್ಳದೆ ಮುಂದೆ ಹೋಗುವುದು. ನಾನು ಚೀಲ ಹಿಡಿದು ನಿಂತು ಸಾಕು ಬಾರೆ ಅಂದರೆ, 'ಇನ್ನೊಂದ್ ಸುತ್ತು ಆಕ್ಕೊಂಡ್ ಬತ್ತೀನಿ ಇರು' ಅನ್ನುವುದು. ನನಗೆ ಆ ತಾಳ್ಮೆ ಇಲ್ಲ, ನಿನಗೂ ಗೊತ್ತು. ಆದರೆ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿ ಕಲ್ಪನ ಇದ್ದಾಳಲ್ಲ, ಬಿ.ಕಾಂ. ಓದಿದವಳು, ಹಾಲು ಹಾಕಲು ಹೋದಾಗ ನನ್ನ ಮುಖ ನೋಡಿ ಏನು ಮಾವ ಅಂದಳು, ಹೇಳಿಬಿಟ್ಟೆ. ಅವಳು ಥೇಟ್ ನಿನ್ನ ಹಾಗೆಯೇ ಅಂದಳು. 'ಬೆಲೆ ಒಂದ್ನೇ ಕೇಳ್ಕೊಂಡ್ ಬಂದ್ರೆ ಎಂಗ್ ಮಾವ? ಅದೇ ಡಬ್ಬಿ ಮಾಡೋ ಬೇರೆ ಕಂಪ್ನಿಗಳ್ನೂ ಪಕ್ಕದಾಗಿಕ್ಕಿ ನೋಡ್ಬೇಕು.' ಏನೇನು ನೋಡಬೇಕು ಅಂತ ಹಾಲಿನ ಚೀಟಿಯ ಹಿಂದೆ ಬರೆದುಕೊಟ್ಟಳು.

ಮನೆಗೆ ಬಂದು ಬಾಲಾಜಿಗೆ ಹೇಳಿದರೆ ಸಿಟ್ಟು ಮಾಡಿಕೊಳ್ಳುತ್ತಾನೇನೋ ಅಂದುಕೊಂಡೆ. ಮಾಡಿಕೊಳ್ಳಲಿಲ್ಲ. ನೋಡೋಣ ಬಾ ಅಂದ. ಅವತ್ತಿನಿಂದ ಬೆಳಗಿನ ಹಾಲು ಕರೆಯುವ ಹೊತ್ತಿಗೆ, ರೈಲಿಗೆ ಹೊರಡುವ ಮುಂಚೆ, ಕೊಟ್ಟಿಗೆಗೆ ಬಂದು ಪಕ್ಕದಲ್ಲಿ ಕೂರುತ್ತಾನೆ. ಒಂದು ಕೈಯಲ್ಲಿ ಕರು ಹಿಡಿದು ಇನ್ನೊಂದು ಕೈಯಲ್ಲಿ ಫೋನು ಉಜ್ಜುತ್ತಾ ಓದಿ ಹೇಳುತ್ತಾನೆ. ಅದೇ ಡಬ್ಬಿ ಮಾಡುವ ಇನ್ನೆರಡು ಕಂಪನಿ ಸಿಕ್ಕವು, ಒಂದು ಕೊಯಮತ್ತೂರಿನದು, ಒಂದು ನೋಯ್ಡಾದ್ದು. ನಾನು ಹಲ್ಲು ನೋಡಿ ಹಸು ಕೊಳ್ಳುವವನು, ಮೊದಲು ಕಂಪನಿಗಳಿಗೆ ವಯಸ್ಸೆಷ್ಟು ಅಂತ ಕೇಳಿದೆ. ನಮ್ಮದಕ್ಕೇ ಹೆಚ್ಚು. ಹಳೇ ಕಂಪನಿ, ಗಟ್ಟಿ ಅಂತ ಅವನು. ಮುದಿ ಹಸು ಅಂತ ನಾನು. ಇಬ್ಬರೂ ವಾದ ಮಾಡಿ ಡೇರಿಗೆ ಹೋದರೆ ಕಲ್ಪನ ಇಬ್ಬರದೂ ತಪ್ಪು ಅಂದಳು.

ಅವಳು ಬಿಡಿಸಿ ಹೇಳಿದ ಮೇಲೆ ಗೊತ್ತಾಯಿತು, ಷೇರು ಅಂದರೆ ಹೋಳು, ಅಷ್ಟೇ ಕಣೆ. ಒಂದೇ ಗಾತ್ರದ ಹಲಸಿನ ಹಣ್ಣನ್ನು ಒಬ್ಬ ನಾಲ್ಕು ಭಾಗ ಮಾಡಿ ಮಾರುತ್ತಾನೆ, ಇನ್ನೊಬ್ಬ ತೊಳೆ ಬಿಡಿಸಿ ಒಂದೊಂದಾಗಿ ಮಾರುತ್ತಾನೆ. ತೊಳೆ ಅಗ್ಗ ಅಂದಮಾತ್ರಕ್ಕೆ ಹಣ್ಣು ಅಗ್ಗ ಆಗಲಿಲ್ಲ. ನಮ್ಮ ಕಂಪನಿಯನ್ನು ಹಾಗೆ ತೊಳೆ ತೊಳೆ ಬಿಡಿಸಿದ್ದಾರೆ. ಆಮೇಲೆ ಒಂದು ಷೇರಿನ ಪಾಲಿಗೆ ವರ್ಷಕ್ಕೆ ಎಷ್ಟು ಲಾಭ ಬಂತು ಅಂತ ನೋಡಿದೆವು. ಕೊಯಮತ್ತೂರಿನ ಷೇರಿನ ಬೆಲೆ ನಾನೂರ ಇಪ್ಪತ್ತು ರೂಪಾಯಿ, ದುಡಿದದ್ದು ಇಪ್ಪತ್ತೊಂದು. ನೋಯ್ಡಾದ್ದು ಸಾವಿರದ ನೂರು, ದುಡಿದದ್ದು ನಲವತ್ತನಾಲ್ಕು. ನಮ್ಮ ಹದಿನಾಲ್ಕು ರೂಪಾಯಿಯದು ದುಡಿದದ್ದು ಹತ್ತು ಪೈಸೆ. ಇದೇ ಲೆಕ್ಕದಲ್ಲಿ ಹೋದರೆ ಹಾಕಿದ ದುಡ್ಡನ್ನು ದುಡಿದು ತೀರಿಸಲು ಕೊಯಮತ್ತೂರಿನದಕ್ಕೆ ಇಪ್ಪತ್ತು ವರ್ಷ, ನೋಯ್ಡಾದ್ದಕ್ಕೆ ಇಪ್ಪತ್ತೈದು, ನಮ್ಮದಕ್ಕೆ ನೂರನಲವತ್ತು. ನಾನು ಇಲ್ಲಿ ಹದಿನಾಲ್ಕು ವರ್ಷ ಅಂತ ಬರೆದಿದ್ದೆ. ಬಾಲಾಜಿ ಓದಿ ತಿದ್ದಿದ್ದಾನೆ, ನೀಲಿ ಶಾಯಿ ಅವನದು. ತನಗೇ ವಿರುದ್ಧವಾದ ಲೆಕ್ಕವನ್ನು ತಾನೇ ಸರಿಮಾಡಿದ ಅಂತ ನೀನು ತಿಳಿಯಬೇಕು.

ಇನ್ನೂ ಇದೆ. ನಮ್ಮ ಕಂಪನಿ ಡಬ್ಬಿ ಕೊಟ್ಟಿದೆ, ತೆಗೆದುಕೊಂಡವರು ದುಡ್ಡು ಕೊಟ್ಟಿಲ್ಲ. ಹಾಲು ಹಾಕಿ ಬಟವಾಡೆ ಆಗದಿದ್ದರೆ ಹಿಂಡಿ ಎಲ್ಲಿಂದ ತರುವುದು? ಸಾಲ ತಂದಿದ್ದಾರೆ. ಬೇರೆ ಎರಡು ಕಂಪನಿಗಳಿಗೆ ಅಷ್ಟು ಸಾಲ ಇಲ್ಲ. ನಮ್ಮ ಕಂಪನಿಯ ಯಜಮಾನರು ತಮ್ಮ ಸ್ವಂತ ಷೇರುಗಳನ್ನೇ ಅರ್ಧಕ್ಕಿಂತ ಹೆಚ್ಚು ಅಡವಿಟ್ಟಿದ್ದಾರೆ ಅಂತ ಫೋನಿನಲ್ಲೇ ಬಂತು, ಅದನ್ನು ಓದುವಾಗ ಬಾಲಾಜಿಯ ದನಿ ಸ್ವಲ್ಪ ತಗ್ಗಿತು. ದನದ ಸಂತೆಯಲ್ಲಿ ದಲ್ಲಾಳಿಗಳು ಟವಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರೆ. ಅಲ್ಲಿ ಬೆಲೆ ಟವಲಿನ ಕೆಳಗಿರುತ್ತದೆ, ಹಸು ಬಯಲಲ್ಲಿ ನಿಂತಿರುತ್ತದೆ. ಇಲ್ಲಿ ಬೆಲೆ ಊರಿಗೆಲ್ಲ ಕಾಣುತ್ತದೆ, ಹಸುವೇ ಟವಲಿನ ಕೆಳಗೆ. ಕೆಚ್ಚಲು ಮುಟ್ಟಿ ನೋಡೋಣ ಅಂದರೆ ಕೈಗೆ ಸಿಗುವುದಿಲ್ಲ, ಅದರಿಂದಲೇ ನನಗೆ ಇಷ್ಟು ದಿಗಿಲು.

ಬಾಲಾಜಿಯ ಮಾತನ್ನೂ ಬರೆಯಬೇಕು, ಬರೆ ಅಂದಿದ್ದಾನೆ. ಸರ್ಕಾರದ ದೊಡ್ಡ ಆರ್ಡರು ಬರುವುದಿದೆಯಂತೆ, ಊರೂರಿಗೆ ಡಬ್ಬಿ ಬೇಕಂತೆ. ಅದು ಬಂದರೆ ಹದಿನಾಲ್ಕು ಮೂವತ್ತಾಗುತ್ತದೆ. ಬೇರೆ ಎರಡು ಕಂಪನಿಗಳೂ ಅದೇ ಆರ್ಡರಿಗೆ ಕೈ ಚಾಚಿವೆಯಲ್ಲ ಅಂದೆ. ನಮ್ಮ ಡಬ್ಬಿಯೇ ಚೆನ್ನಾಗಿದೆ, ನಾನೇ ಮಾಡೋದಲ್ವಾ ಅಂದ. ಅದು ನಿಜವಿರಬಹುದು. ಅವನು ಮಾಡಿದ್ದು ಚೆನ್ನಾಗಿಯೇ ಇರುತ್ತದೆ, ಮುದ್ದೆ ಒಂದನ್ನು ಬಿಟ್ಟು.

ಫಾರಂನಲ್ಲಿ ಸಹಿ ಮಾಡಬೇಕಾದ ಕಡೆ ಬಾಲಾಜಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾನೆ. ವಾಪಸು ಕಳಿಸಲು ಇನ್ನೊಂದು ಕವರಿಗೆ ಅವನೇ ವಿಳಾಸ ಬರೆದು ಒಳಗಿಟ್ಟಿದ್ದಾನೆ. ನಿಮ್ಮಪ್ಪನ ದುಡ್ಡು, ನಿನ್ನ ಹೆಸರಿನಲ್ಲಿದೆ, ಏನು ಮಾಡಬೇಕೋ ನೀನೇ ಯೋಚನೆ ಮಾಡು. ಕವಿತನಿಗೂ ಮಗುವಿಗೂ ನನ್ನ ಆಶೀರ್ವಾದ. ಅಳಿಯಂದಿರಿಗೆ ಕೇಳಿದೆ ಅಂತ ಹೇಳು. ಬೀಗರಿಗೂ ಬೀಗಿತ್ತಿಗೂ ನಮಸ್ಕಾರ, ಕಷಾಯ ಕುಡಿಯುತ್ತಿದ್ದೇನೆ ಅಂತಲೂ ಹೇಳು. ಸಂಕ್ರಾಂತಿಗೆ ಮುಂಚೆ ಬಂದುಬಿಡು. ಕೊಂಬು ಮುರಿದ ಹಸುವಿಗೆ ನಿನ್ನ ಸೀರೆಯ ವಾಸನೆ ಕಡಿಮೆಯಾಗುತ್ತಾ ಬಂತು, ನನಗೂ.

ನಿನ್ನ
ಶ್ರೀರಾಮಪ್ಪ

ತಾ.ಕ.: ಇದನ್ನು ಬಂಗಾರಪೇಟೆ ಪೋಸ್ಟಾಫೀಸಿನಲ್ಲಿ ನಿಂತು ಬರೆಯುತ್ತಿದ್ದೇನೆ, ಸೋಮವಾರ. ಪೆನ್ನು ಕೌಂಟರಿನದು, ದಾರ ಕಟ್ಟಿದ್ದಾರೆ, ಅಕ್ಷರ ವಕ್ರ ಆದರೆ ಓದಿಕೋ. ಬಾಲಾಜಿ ರಜಾ ಹಾಕಿ ಬೈಕಿನಲ್ಲಿ ಕರೆತಂದ. ಫಾರಂ ಜೆರಾಕ್ಸ್ ಮಾಡಿಸಲು ಎದುರಿನ ಅಂಗಡಿಗೆ ಹೋಗಿದ್ದಾನೆ, ಬಂದ ಕೂಡಲೇ ಕವರು ಅಂಟಿಸುತ್ತಾನೆ. ಸಹಿ ಮಾಡಬೇಡ.

ಮೇಲಿನದನ್ನೆಲ್ಲ ಅವನು ಓದಿದ್ದಾನೆ, ಅದಕ್ಕೇ ಒಂದು ಮಾತು ಬಿಟ್ಟಿದ್ದೆ. ಕಂಪನಿಗೆ ಏನಾದರೂ ಆದರೆ ಸಂಬಳವೂ ಹೋಗುತ್ತದೆ, ತಾತನ ದುಡ್ಡೂ ಹೋಗುತ್ತದಲ್ಲಪ್ಪ, ಇರುವ ಹಸುವನ್ನೆಲ್ಲ ಒಂದೇ ಗೂಟಕ್ಕೆ ಕಟ್ಟಬಹುದಾ ಅಂತ ಕೇಳಿದೆ. ನಕ್ಕುಬಿಟ್ಟು, 'ಕಂಪ್ನಿ ಯಾಕ್ ಮುಚ್ತದಪ್ಪಾ? ನಮ್ ಕಂಪ್ನಿ' ಅಂದ. ಅದೇ ಮಾತು ಕಣೆ, ಅದೇ ರಾಗ. ನಿಮ್ಮಪ್ಪ ಹೋದಾಗ ಇವನು ಇನ್ನೂ ಅಂಗನವಾಡಿಗೆ ಹೋಗುತ್ತಿದ್ದ, ಯಾರೂ ಹೇಳಿಕೊಟ್ಟದ್ದಲ್ಲ. ನನಗೆ ಆ ಜಗಲಿ, ಆ ಇಸ್ತ್ರಿ ಅಂಗಿ ಕಣ್ಣ ಮುಂದೆ ಬಂದವು.

ಹಾಗಿದ್ದರೆ ನೀನೇ ಬೇಡ ಅನ್ನಬಾರದಿತ್ತಾ ಅಂತ ಬಯ್ಯುತ್ತೀಯ. ಬಯ್ಯಿ. ನನ್ನ ಕೈಲಿ ಆಗಲಿಲ್ಲ. ಐಟಿಐ ಮುಗಿಸಿದ ಮೇಲೆ ಇವನು ನನ್ನ ಹತ್ತಿರ 'ಊಟ ಆಯ್ತಾ' ಬಿಟ್ಟರೆ ಬೇರೆ ಮಾತಾಡಿದ್ದು ನಿನಗೆ ನೆನಪಿದೆಯಾ? ಈಗ ದಿನಾ ಬೆಳಿಗ್ಗೆ ಕರು ಹಿಡಿದು ಪಕ್ಕದಲ್ಲಿ ಕೂತು 'ಅಪ್ಪಾ, ಇದ್ ಕೇಳು' ಅನ್ನುತ್ತಾನೆ. ನಾನು ಬೇಡ ಅಂದ ದಿನ ಅದು ನಿಂತುಹೋಗುತ್ತದೆ. ದುಡ್ಡು ಹೋದರೆ ಹೋಗಲಿ, ಇದು ನಿಲ್ಲದಿರಲಿ ಅಂತ ಒಂದೊಂದು ಸಲ ಅನ್ನಿಸಿಬಿಡುತ್ತದೆ, ಆಗ ನನಗೆ ನನ್ನ ಮೇಲೇ ಭಯ. ಅದಕ್ಕೇ ನಿನ್ನ ಮೇಲೆ ಹೊರಿಸುತ್ತಿದ್ದೇನೆ.

ಆದರೆ ಸಹಿ ಮಾಡಲ್ಲ ಅಂತ ಅವನಿಗೂ ಹೇಳಬೇಡ. ಅವರೆಕಾಯಿಗೆ ಹೇಳುತ್ತೀಯಲ್ಲ, ಹಾಗೆ ಹೇಳು. ಎರಡು ಕಂಪನಿ ಪಕ್ಕದಲ್ಲಿಟ್ಟು ನೋಡಿದ್ದು ಸಾಲದು, ಇನ್ನೊಂದು ಸುತ್ತು ಹಾಕಿಕೊಂಡು ಬಾ, ಅಪ್ಪನ ಜೊತೆ ಕೂತು ನೋಡು ಅನ್ನು. ಇಪ್ಪತ್ತಾರು ದಾಟಲಿ. ಆಮೇಲೂ ಇನ್ನೊಂದು ಸುತ್ತು ಅನ್ನು. ರಸ್ತೆ ದಾಟಿ ಬರುತ್ತಿದ್ದಾನೆ, ಕಂಕುಳಲ್ಲಿ ಫಾರಂ, ಎರಡು ಕೈಯಲ್ಲೂ ಟೀ.